ತಾತನ ಉಯಿಲು ಹುಡುಕಿಕೊಡ್ತೀನಿ ಅಂದವನಿಗೆ ಲಕೋಟೆ ಕೊಟ್ಟು ಕಳೆದುಕೊಂಡೆವು

ಮನೆಯಲ್ಲಿ ಹಳೇ ಸೈನಿಕರ ಕಾಗದ, ಮೆಡಲ್, ಫೋಟೋ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ದುಡ್ಡು ಹೋದದ್ದಕ್ಕಿಂತ ದೊಡ್ಡ ನಷ್ಟ ನಮಗಾಗಿದೆ.

ನಮ್ಮಜ್ಜಿಗೆ ಈಗ 86. ಅವರ ತಾತ ಮೈಸೂರು ಮಹಾರಾಜರ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರ. 1914ರಲ್ಲಿ ಮೊದಲ ಮಹಾಯುದ್ಧಕ್ಕೆ ಪಡೆ ಈಜಿಪ್ಟಿಗೆ ಹೊರಟಾಗ ಅಜ್ಜಿಯ ಅಪ್ಪನಿಗೆ ಎರಡು ವರ್ಷ. ತಾತ ವಾಪಸ್ ಬರಲಿಲ್ಲ. ಈಗಿನ ಇಸ್ರೇಲಿನಲ್ಲಿರುವ ಹೈಫಾದಲ್ಲಿ ತೀರಿಕೊಂಡರು ಅನ್ನುವುದು ಮನೆಯ ಮಾತು. ಅಜ್ಜಿಯ ಟ್ರಂಕಿನಲ್ಲಿ ಉಳಿದಿದ್ದು ಎರಡೇ ವಸ್ತು. ಒಂದು ಬೆಳ್ಳಿ ಮೆಡಲ್. ಅದರ ಒಂದು ಕಡೆ ದೊರೆಯ ತಲೆ, ಇನ್ನೊಂದು ಕಡೆ ಕುದುರೆ ಸವಾರ. ಎರಡನೆಯದು ಲಕೋಟೆಯ ಸಮೇತ ಒಂದು ಕಾಗದ. ತಾತನಿಗೆ ಓದು ಬರಹ ಬರುತ್ತಿರಲಿಲ್ಲ, ಯಾರ ಕೈಲೋ ಬರೆಸಿದ್ದು. ‘ಉಭಯ ಕುಶಲೋಪರಿ ಸಾಂಪ್ರತ’ ಅಂತ ಶುರುವಾಗಿ, ಮರಳಿನಲ್ಲಿ ಕುದುರೆಗೆ ನೀರು ಸಾಲುವುದಿಲ್ಲ, ಕೆಂದ ಹಸು ಕರು ಹಾಕಿತೇ, ಮಗು ನಡೆಯುತ್ತದೆಯೇ ಅಂತ ಕೇಳಿ ಮುಗಿಯುತ್ತದೆ. ಅಜ್ಜಿಗೆ ಅದು ಬಾಯಿಪಾಠ.

ಪಂಜಾಬಿನ ಸುಮಾರು 3,20,000 ಸೈನಿಕರ ವಿವರ ಇರುವ ರಿಜಿಸ್ಟರುಗಳು ಲಾಹೋರಿನ ಮ್ಯೂಸಿಯಮ್ಮಿನಲ್ಲಿ ಇದ್ದವು, ಅವನ್ನು ಈಗ ಆನ್‌ಲೈನ್‌ಗೆ ಹಾಕುತ್ತಿದ್ದಾರೆ ಅಂತ ಎಲ್ಲೋ ಓದಿದ್ದೆ. ನಮ್ಮ ತಾತನದ್ದೂ ಎಲ್ಲಾದರೂ ಇರಬಹುದಲ್ವಾ ಅನ್ನಿಸಿತು. ಹೋದ ವರ್ಷ ಹುಡುಕುತ್ತಾ ಹೋದಾಗ ಒಬ್ಬ ಸಿಕ್ಕಿದ. ‘ಸೈನಿಕರ ಉಯಿಲು, ಪತ್ರ, ಸರ್ವೀಸ್ ರೆಕಾರ್ಡ್, ಎಲ್ಲಾ ಲಂಡನ್ನಿನಿಂದ ತರಿಸಿಕೊಡುತ್ತೇವೆ’ ಅಂದ. ಮೊದಲು ಒಂದು ಫಾರಂ ಕಳಿಸಿದ. ತಾತನ ಹೆಸರು, ಊರು, ಪಡೆ, ಎಲ್ಲಿ ಸತ್ತರು, ಮನೆಯವರ ಹೆಸರು, ‘ನಿಮ್ಮ ಮನೆಯಲ್ಲಿ ಹೇಳಿಕೊಂಡು ಬಂದ ಕಥೆ ಬರೆಯಿರಿ’ ಅಂತ ಅರ್ಧ ಪುಟ ಖಾಲಿ ಜಾಗ. ನಾನು ಎಲ್ಲವನ್ನೂ ತುಂಬಿಕೊಟ್ಟೆ. ನಾನು ಮಾಡಿದ ಮೊದಲ ತಪ್ಪೇ ಅದು.

ಮೊದಲು 4,500 ಕೊಟ್ಟೆ. ಮೂರು ವಾರ ಬಿಟ್ಟು, ‘1940ರಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದಾಗ ದಾಖಲೆಗಳು ಸುಟ್ಟುಹೋಗಿವೆ, ಸ್ಪೆಷಲ್ ಸರ್ಚ್ ಮಾಡಿಸಬೇಕು’ ಅಂತ 18,000 ಕೇಳಿದ. ನೆಟ್‌ನಲ್ಲಿ ನೋಡಿದೆ. ಬಾಂಬ್ ಬಿದ್ದದ್ದು ನಿಜ, ದಾಖಲೆ ಸುಟ್ಟದ್ದೂ ನಿಜ. ಹಾಗಾಗಿ ನಂಬಿದೆ. ಸುಟ್ಟದ್ದು ಬ್ರಿಟಿಷ್ ಸೈನ್ಯದ ಸಿಪಾಯಿಗಳ ದಾಖಲೆ, ಮೈಸೂರು ಮಹಾರಾಜರ ಪಡೆಯದ್ದಲ್ಲ ಅನ್ನುವುದು ಆಮೇಲೆ ತಿಳಿಯಿತು. ಇಂಥವರ ಮಾತಿನಲ್ಲಿ ಅರ್ಧ ನಿಜ ಇದ್ದೇ ಇರುತ್ತದೆ. ನಾವು ಆ ಅರ್ಧವನ್ನು ಪರೀಕ್ಷೆ ಮಾಡಿ ಸಮಾಧಾನ ಪಟ್ಟುಕೊಳ್ಳುತ್ತೇವೆ.

ಆಮೇಲೆ ಕೇಳಿದ್ದು ಕಾಗದ. ‘ಫೋಟೋ ಸಾಲದು, ಒರಿಜಿನಲ್ ಬೇಕು, ಹೈ ರೆಸಲ್ಯೂಶನ್ ಸ್ಕ್ಯಾನ್ ಮಾಡಿ ಅಕ್ಷರ ಹೊಂದಿಸಿ ನೋಡಬೇಕು’ ಅಂದ. ಅಜ್ಜಿಗೆ ಇಷ್ಟವಿರಲಿಲ್ಲ. ‘ಹತ್ತು ದಿನ ಅಷ್ಟೇ ಅಜ್ಜಿ’ ಅಂತ ಒಪ್ಪಿಸಿದವನು ನಾನು. ಕೊರಿಯರ್ ಮಾಡಿದೆ. ಮೆಡಲ್ ಕೂಡ ಕೇಳಿದ್ದ, ಅದನ್ನು ಮಾತ್ರ ಅಮ್ಮ ಕೊಡಲಿಲ್ಲ.

ಎರಡು ತಿಂಗಳಾದ ಮೇಲೆ ಫೈಲು ಬಂತು. ಅದಕ್ಕೂ ಮುಂಚೆ 9,000 ಕೊಟ್ಟಿದ್ದೆ. ಒಟ್ಟು 31,500. ಒಳಗೆ ಒಂದು ಉಯಿಲು, ಒಂದು ಪತ್ರ. ಉಯಿಲಿನಲ್ಲಿ ನಾಲ್ಕೇ ಸಾಲು: ‘ನಾನು ಸತ್ತ ಪಕ್ಷದಲ್ಲಿ ನನ್ನ ಆಸ್ತಿ, ಸಾಮಾನು ಎಲ್ಲವನ್ನೂ ನನ್ನ ತಾಯಿಗೆ ಕೊಡುತ್ತೇನೆ.’ ಕೆಳಗೆ ತಾತನ ಹೆಸರು. ಜೊತೆಗಿದ್ದ ಹಾಳೆಯಲ್ಲಿ ಸತ್ತ ತಾರೀಖು 23 ಸೆಪ್ಟೆಂಬರ್ 1918, ಹೈಫಾ.

ಭಾನುವಾರ ಎಲ್ಲರನ್ನೂ ಕರೆದು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮಾವ ಆ ಹಾಳೆಗೆ ಫ್ರೇಮ್ ಹಾಕಿಸೋಣ ಅಂದರು. ಮಾರನೇ ದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಅಜ್ಜಿ ನಿಧಾನಕ್ಕೆ ಕೇಳಿದರು: ‘ತಾತನ ಅಮ್ಮ ಪ್ಲೇಗ್ ವರ್ಷವೇ ಹೋದಳಲ್ಲೋ. ತಾತ ದಂಡಿಗೆ ಸೇರೋ ಹೊತ್ತಿಗೆ ಅವಳೆಲ್ಲಿದ್ದಳು?’

ಆಮೇಲೆ ಒಂದೊಂದೇ ಬಿಚ್ಚಿಕೊಂಡಿತು. ಆ ನಾಲ್ಕು ಸಾಲು ಬ್ರಿಟಿಷ್ ಸಿಪಾಯಿಗಳ ಸಂಬಳದ ಪುಸ್ತಕದಲ್ಲಿ ಉಯಿಲು ಬರೆಯಲು ಇದ್ದ ಮಾದರಿ. ಯುದ್ಧಕ್ಕೆ ಹೋಗುವ ಮುಂಚೆ ಹೆಚ್ಚು ಕಡಿಮೆ ಇದೇ ಮಾತನ್ನು ಲಕ್ಷಾಂತರ ಹುಡುಗರು ಬರೆದಿದ್ದಾರೆ. ಅವರಲ್ಲಿ ತುಂಬಾ ಜನ ತಾಯಿಗೇ ಬರೆದಿದ್ದಾರೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನ ಸಿಪಾಯಿಗಳ ಉಯಿಲುಗಳು ಈಗ ಆನ್‌ಲೈನ್ ಇವೆ. ಐರ್ಲೆಂಡಿನವು ಪುಕ್ಕಟೆ. ಅಂಥ ಯಾರೋ ತಾಯಿಯ ಮಗನ ಉಯಿಲಿನ ಮೇಲೆ ನಮ್ಮ ತಾತನ ಹೆಸರು ಅಂಟಿಸಿದ್ದ. ಜೂಮ್ ಮಾಡಿದರೆ ಹೆಸರಿನ ಸುತ್ತ ಕಾಗದದ ಬಣ್ಣವೇ ಬೇರೆ.

ಪತ್ರ ಇನ್ನೂ ಮೋಸದ್ದು. ಹಿಮ, ಕಂದಕ, ಫ್ರಾನ್ಸ್. ‘ಕರಿಮೆಣಸು ಮುಗಿಯುತ್ತಾ ಬಂತು, ಕೆಂಪು ಮೆಣಸೂ ಕಡಿಮೆ’ ಅನ್ನುವ ಮಾತು. ಸೈನಿಕರ ಪತ್ರಗಳನ್ನು ಓದಿ ತಪಾಸಣೆ ಮಾಡುತ್ತಿದ್ದ ಸೆನ್ಸಾರಿನವರ ಕಣ್ಣು ತಪ್ಪಿಸಲು ನಮ್ಮ ಸಿಪಾಯಿಗಳಿಗೆ ಕರಿಮೆಣಸು ಅಂತಲೂ, ಬಿಳಿಯರಿಗೆ ಕೆಂಪು ಮೆಣಸು ಅಂತಲೂ ಬರೆಯುತ್ತಿದ್ದರು. ಇದು ನಿಜವಾದ ಸಂಗತಿ, ಹೆಸರುವಾಸಿ ಕೂಡ. ಆದರೆ ಹಾಗೆ ಬರೆದವನು ನಮ್ಮ ತಾತ ಅಲ್ಲ. ಮೈಸೂರು ಲ್ಯಾನ್ಸರ್ಸ್ ಫ್ರಾನ್ಸಿಗೆ ಹೋಗಲೇ ಇಲ್ಲ. ಅವರು ಇದ್ದದ್ದು ಸೂಯೆಜ್ ಕಾಲುವೆ, ಸಿನಾಯ್, ಪ್ಯಾಲೆಸ್ತೀನ್ ಕಡೆ. ಫ್ರಾನ್ಸಿನಲ್ಲಿದ್ದ ಭಾರತದ ಸಿಪಾಯಿಗಳ ಪತ್ರಗಳಿಂದ ಸೆನ್ಸಾರ್ ಕಚೇರಿಯವರು ಆಯ್ದು ಮಾಡಿದ ಇಂಗ್ಲಿಷ್ ಅನುವಾದದ ತುಣುಕುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವು ಅಚ್ಚೂ ಆಗಿವೆ. ಅದರಲ್ಲಿಯ ಒಂದನ್ನು ತೆಗೆದು ನಮಗೆ ಮಾರಿದ್ದ. ನಿಮ್ಮ ಅಜ್ಜನ ಕೈಬರಹದ ಪತ್ರವೇ ಅಲ್ಲಿದೆ ಅಂತ ಯಾರಾದರೂ ಹೇಳಿದರೆ ದುಡ್ಡು ಬಿಚ್ಚಬೇಡಿ.

ನನಗೆ ಈಗಲೂ ಹೊಟ್ಟೆ ಉರಿಯುವುದು ಆ ತಾರೀಖಿಗೆ. ಹೈಫಾ ಅಂತ ಫಾರಂನಲ್ಲಿ ಬರೆದುಕೊಟ್ಟವನು ನಾನು. ಮೈಸೂರು ಲ್ಯಾನ್ಸರ್ಸ್ ಇದ್ದ ಹೈಫಾ ದಾಳಿ ನಡೆದದ್ದು 23 ಸೆಪ್ಟೆಂಬರ್ 1918 ಅಂತ ಹುಡುಕಿದರೆ ಯಾರಿಗೂ ಸಿಗುತ್ತದೆ. ಅದನ್ನೇ ಬರೆದು ವಾಪಸ್ ಕೊಟ್ಟ. ನಮ್ಮ ಮನೆಯ ಮಾತನ್ನೇ ನಮಗೆ ಮಾರಿದ.

ನಿಜವಾದ ತಾರೀಖು ಸಿಕ್ಕಿದ್ದು ಒಂದು ಪೈಸೆ ಖರ್ಚಿಲ್ಲದೆ. ಮೆಡಲ್ಲಿನ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ನಂಬರು, ಹುದ್ದೆ, ಹೆಸರು, ಪಡೆ ಸಣ್ಣಕ್ಕೆ ಒತ್ತಿರುವುದು ಕಾಣುತ್ತದೆ. ಇಷ್ಟು ವರ್ಷ ನಾವು ಯಾರೂ ನೋಡಿರಲಿಲ್ಲ. ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಸತ್ತವರ ಹೆಸರು ಹುಡುಕುವುದು ಉಚಿತ. ಸ್ಪೆಲಿಂಗ್ ಬದಲಾಯಿಸಿ ಬದಲಾಯಿಸಿ ಹುಡುಕಬೇಕು. ಆಗಿನ ಗುಮಾಸ್ತರು ‘ರಾವ್’ ಅನ್ನು ‘ರೋ’ ಅಂತ ಬರೆದಿರುತ್ತಾರೆ. ಮೂರನೇ ರಾತ್ರಿ ತಾತ ಸಿಕ್ಕಿದರು. ಅದೇ ನಂಬರು, ಅಪ್ಪನ ಹೆಸರು, ನಮ್ಮೂರು. ತಾರೀಖು 26 ಅಕ್ಟೋಬರ್ 1918.

ಅಂದರೆ ಹೈಫಾದಲ್ಲಿ ಅವರು ಬದುಕಿದ್ದರು. ಅಲ್ಲಿಂದ ಮುಂದೆ ಸಿರಿಯಾದ ಅಲೆಪ್ಪೋ ತನಕ ಕುದುರೆ ಮೇಲೆ ಹೋಗಿದ್ದಾರೆ. ಅವತ್ತು ಅಲೆಪ್ಪೋ ಆಚೆ ಹರಿತಾನ್ ಹತ್ತಿರ ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್ಸ್ ದಾಳಿ ಮಾಡಿದ ದಿನ. ಎದುರಾಳಿ ತುರ್ಕರು ಕದನ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದು 30ಕ್ಕೆ. ನಾಲ್ಕು ದಿನ. ಇದನ್ನು ಹೇಳಿದಾಗ ಅಜ್ಜಿ ಅಳಲಿಲ್ಲ. ಬೆರಳು ಮಡಚಿ ಎಣಿಸಿದರು.

ಹುಡುಕುವವರು ಮೊದಲು ಮೆಡಲ್ಲಿನ ಅಂಚು ನೋಡಿ. ಮೈಸೂರು ಸಂಸ್ಥಾನದ ಪಡೆಯಾದರೆ ಲಂಡನ್‌ಗಿಂತ ಮುಂಚೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಿ, ಸಂಸ್ಥಾನದ ಕಡತಗಳು ಅಲ್ಲಿವೆ. ನಾನೂ ಈಗ ಅಲ್ಲಿಗೆ ಹೋಗುತ್ತಿದ್ದೇನೆ. ಯಾರಿಗಾದರೂ ದುಡ್ಡು ಕೊಟ್ಟು ಹುಡುಕಿಸಲೇಬೇಕು ಅಂದರೆ ಹೆಸರು, ಪಡೆ, ನಂಬರು ಅಷ್ಟೇ ಕೊಡಿ. ಮನೆಯ ಕಥೆ ನಿಮ್ಮಲ್ಲೇ ಇರಲಿ. ಅವರು ತಂದದ್ದನ್ನು ಅದಕ್ಕೆ ಹೊಂದಿಸಿ ನೋಡಿ. ಒರಿಜಿನಲ್ ಕಾಗದ ಮಾತ್ರ ಯಾವ ಕಾರಣಕ್ಕೂ ಮನೆಯಿಂದ ಹೊರಗೆ ಕಳಿಸಬೇಡಿ. ಫೋನಿನಲ್ಲೇ ಒಳ್ಳೇ ಫೋಟೋ ಬರುತ್ತದೆ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಮ್ಮ ಕಾಗದ ವಾಪಸ್ ಬಂತು, ಲಕೋಟೆ ಬರಲಿಲ್ಲ. ಕೇಳಿದ್ದಕ್ಕೆ ‘ಹರಿದಿತ್ತು, ಬಿಸಾಕಿದ್ವಿ’ ಅಂದ. ಆಮೇಲೆ ಫೋನೇ ಎತ್ತಲಿಲ್ಲ. ಯುದ್ಧಕಾಲದ ಸೈನ್ಯದ ಅಂಚೆ ಮುದ್ರೆ ಇರುವ ಲಕೋಟೆಗಳನ್ನು ಸ್ಟಾಂಪ್ ಸಂಗ್ರಹಿಸುವವರು ಒಳ್ಳೇ ಬೆಲೆ ಕೊಟ್ಟು ಕೊಳ್ಳುತ್ತಾರಂತೆ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇವೆ.

ನಿಮ್ಮಲ್ಲಿ ಸಂಗ್ರಹಕಾರರು ಇದ್ದರೆ ಗಮನವಿಡಿ. ಲಕೋಟೆ ಅಂಗೈ ಅಗಲ, ಕಂದು ಬಣ್ಣ. ವಿಳಾಸ ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ, ನೇರಳೆ ಶಾಯಿ. ಬಲಕ್ಕೆ ಫೀಲ್ಡ್ ಪೋಸ್ಟ್ ಆಫೀಸಿನ ದುಂಡು ಮುದ್ರೆ, ಎಡಕ್ಕೆ ಸೆನ್ಸಾರ್ ಮುದ್ರೆ. ಹಿಂದೆ ಒಂದು ಮೂಲೆಯಲ್ಲಿ ಅರಿಶಿನದ ಬೆರಳಚ್ಚು ಇದೆ. ಅದು ಅಜ್ಜಿಯ ಅಜ್ಜಿಯದು.