ಯುವಕ ಮಂಡಲದ ಸೇವೆ: ಫಲಾನುಭವಿಯೊಬ್ಬರ ಅಭಿಪ್ರಾಯ

ಸುಳ್ಯ ತಾಲೂಕಿನ ನಮ್ಮ ಗ್ರಾಮದ ಯುವಕ ಮಂಡಲವನ್ನು ಎರಡು ದಶಕಗಳಿಗೂ ಮೀರಿ ಸಂಬಳ, ಸಂಭಾವನೆ ಏನೂ ಇಲ್ಲದೆ ನಡೆಸಿಕೊಂಡು ಬಂದಿರುವ ಹಿರಿಯರೊಬ್ಬರಿದ್ದಾರೆ. ಕೇಂದ್ರ ಸರ್ಕಾರದ ನೆಹರು ಯುವ ಕೇಂದ್ರದ (ಈಗಿನ ‘ಮೇರಾ ಯುವ ಭಾರತ್’) ಲೆಕ್ಕದಲ್ಲಿ ಯುವಕ ಮಂಡಲದ ಸದಸ್ಯರು 15ರಿಂದ 29 ವರ್ಷದೊಳಗಿನವರು. ಆ ವಯಸ್ಸು ದಾಟಿದಾಗ ಅವರು ಅಧ್ಯಕ್ಷ ಸ್ಥಾನವನ್ನು ತಾವಾಗಿಯೇ ಬಿಟ್ಟುಕೊಟ್ಟು ಗೌರವ ಸಲಹೆಗಾರರಾದರು. ಆದರೆ ಹೊಣೆಯನ್ನು ಮಾತ್ರ ಹೆಗಲಿನಿಂದ ಇಳಿಸಲಿಲ್ಲ.

ಮಂಡಲದ ಕೆಲಸಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಕಟ್ಟಕ್ಕೆ, ಅಂದರೆ ನೀರು ನಿಲ್ಲಿಸಲು ಹೊಳೆಗೆ ಅಡ್ಡವಾಗಿ ಹಾಕುವ ತಾತ್ಕಾಲಿಕ ಒಡ್ಡಿಗೆ. ಮಳೆಗಾಲ ಮುಗಿದು ಹೊಳೆಯ ಹರಿವು ಇಳಿದ ಮೇಲೆ, ಹುಡುಗರು ಶ್ರಮದಾನದಲ್ಲಿ ಮರಳು ತುಂಬಿದ ಚೀಲಗಳನ್ನು ಎರಡು ಸಾಲಾಗಿ ಅಡ್ಡಕ್ಕೆ ಪೇರಿಸಿ, ನಡುವೆ ಮಣ್ಣು ತುಂಬಿ ತುಳಿದು ಗಟ್ಟಿ ಮಾಡುತ್ತಾರೆ. ಚೀಲವನ್ನು ಮುಕ್ಕಾಲು ಭಾಗ ಮಾತ್ರ ತುಂಬಿಸಬೇಕು, ಕಂಠಪೂರ್ತಿ ತುಂಬಿಸಿದರೆ ಅದು ಪಕ್ಕದ ಚೀಲಕ್ಕೆ ಒತ್ತಿ ಕೂರದೆ ಸಂದಿನಲ್ಲಿ ನೀರು ಸೋರುತ್ತದೆ ಎಂಬುದನ್ನು ಆ ಹಿರಿಯರು ಬಾಯಲ್ಲಿ ಹೇಳುವುದಿಲ್ಲ. ಹೊಸದಾಗಿ ಬಂದ ಹುಡುಗನ ಕೈಗೆ ಸಲಿಕೆ ಕೊಟ್ಟು, ಅವನೇ ತುಂಬಿಸಿದ ಚೀಲವನ್ನು ಅವನಿಂದಲೇ ಇಡಿಸಿ ತೋರಿಸುತ್ತಾರೆ. ಕಟ್ಟ ನಿಂತ ವರ್ಷಗಳಲ್ಲಿ ಹೊಳೆಬದಿಯ ನಮ್ಮ ಬಾವಿಯಲ್ಲಿ ಬೇಸಿಗೆಯಲ್ಲೂ ನೀರು ಉಳಿದಿದೆ, ಅಡಿಕೆ ತೋಟವೂ ಬಾಡಿಲ್ಲ.

ರಕ್ತದಾನದ ವ್ಯವಸ್ಥೆಯಲ್ಲೂ ಇದೇ ಶಿಸ್ತು ಕಾಣುತ್ತದೆ. ಪ್ರತಿ ದಾನಿಯ ರಕ್ತದ ಗುಂಪು ಮತ್ತು ಕೊನೆಯ ಬಾರಿ ರಕ್ತ ಕೊಟ್ಟ ದಿನಾಂಕ ಆ ಹಿರಿಯರ ಪುಸ್ತಕದಲ್ಲಿರುತ್ತದೆ. ನಮ್ಮ ತಂದೆಯವರಿಗೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾದಾಗ ಇಬ್ಬರು ಯುವಕರು ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದರು. ಮೂರನೆಯವನೊಬ್ಬ ಹೊರಟು ನಿಂತಿದ್ದರೂ, ಎರಡು ರಕ್ತದಾನಗಳ ನಡುವೆ ಪುರುಷರಿಗೆ 3 ತಿಂಗಳು, ಮಹಿಳೆಯರಿಗೆ 4 ತಿಂಗಳು ಎಂಬ ಅಂತರದ ನಿಯಮವನ್ನು ನೆನಪಿಸಿ ಅವರು ತಡೆದರಂತೆ. ಅಷ್ಟೊಂದು ಆತುರದಲ್ಲೂ ದಾನಿಯ ಆರೋಗ್ಯವನ್ನು ಮರೆಯದ ಆ ಎಚ್ಚರಕ್ಕೆ ನಮ್ಮ ಮನೆಯವರೆಲ್ಲರೂ ಋಣಿಗಳು.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಣಿಯಾದ ಈ ಮಂಡಲದ ಲೆಕ್ಕಪತ್ರವನ್ನು ವಾರ್ಷಿಕ ಮಹಾಸಭೆಯಲ್ಲಿ ಓದಿ ಹೇಳುತ್ತಾರೆ. ಅದಕ್ಕೂ ಮೊದಲೇ, ಕಬಡ್ಡಿ ಪಂದ್ಯಾಟ ಮುಗಿದ ವಾರದಲ್ಲಿ, ಶಾಮಿಯಾನದ ಬಾಡಿಗೆಯಿಂದ ಹಿಡಿದು ಆಟಗಾರರ ಊಟದವರೆಗಿನ ಖರ್ಚಿನ ಪಟ್ಟಿ ಸೂಚನಾ ಫಲಕಕ್ಕೆ ಬೀಳುತ್ತದೆ. ಊರವರು ದೇಣಿಗೆ ಕೊಡಲು ಹಿಂದೆಮುಂದೆ ನೋಡದಿರುವುದಕ್ಕೆ ಇದೇ ಕಾರಣವೆಂದು ನಾನು ನಂಬಿದ್ದೇನೆ.

ಕೊರತೆಗಳೂ ಇವೆ, ಅವುಗಳನ್ನು ಮುಚ್ಚಿಡುವುದು ಆ ಹಿರಿಯರಿಗೂ ಇಷ್ಟವಾಗಲಾರದು. ಶಿಬಿರಗಳಲ್ಲಿ ಮುಂದೆ ನಿಂತು ದುಡಿಯುವ ಹೆಣ್ಣುಮಕ್ಕಳಿಗೆ ಪದಾಧಿಕಾರಿಗಳ ಪಟ್ಟಿಯಲ್ಲಿ ಇಂದಿಗೂ ಜಾಗವಿಲ್ಲ. ಪ್ರತ್ಯೇಕ ಯುವತಿ ಮಂಡಲ ಇದೆಯೆಂಬ ಉತ್ತರ ನನಗೆ ಸಮಾಧಾನ ತಂದಿಲ್ಲ. ವಾಚನಾಲಯ ಸಂಜೆ ಮಾತ್ರ ತೆರೆದಿರುತ್ತದೆ. ದಾನಿಗಳ ಪುಸ್ತಕದ ಪ್ರತಿ ಬೇರೆ ಯಾರ ಬಳಿಯೂ ಇಲ್ಲದಿರುವುದು ಇನ್ನೂ ಗಂಭೀರವಾದ ಸಂಗತಿ. ಅವರು ಊರಲ್ಲಿಲ್ಲದ ದಿನ ರಕ್ತ ಬೇಕಾದವರು ಮನೆಯಿಂದ ಮನೆಗೆ ವಿಚಾರಿಸುತ್ತಾ ಅಲೆಯಬೇಕಾಗುತ್ತದೆ. ಕಟ್ಟದ ಕೆಲಸವನ್ನು ಹುಡುಗರಿಗೆ ಕಲಿಸಿಕೊಟ್ಟಂತೆ ಈ ಪುಸ್ತಕವನ್ನೂ ಕಾರ್ಯದರ್ಶಿಯ ಕೈಗೆ ಒಪ್ಪಿಸಬೇಕೆಂದು ಮುಂದಿನ ಮಹಾಸಭೆಯಲ್ಲಿ ಕೇಳಲಿದ್ದೇನೆ. ತೋಟಕ್ಕೆ ನೀರಿನ ಆಸರೆ ಬೇಕಾದ ಅಕ್ಕಪಕ್ಕದ ಗ್ರಾಮದವರು, ಹೊಳೆ ಪೂರ್ತಿ ಬತ್ತುವ ಮೊದಲೇ ಬಂದು ಅವರನ್ನು ಕಂಡು, ಖಾಲಿ ಚೀಲಗಳನ್ನು ತಾವೇ ಹೊಂದಿಸಿಕೊಟ್ಟರೆ, ಕಟ್ಟ ಕಟ್ಟಲು ಹುಡುಗರನ್ನು ಕರೆದುಕೊಂಡು ಬರಲು ಅವರು ಸಿದ್ಧರಿದ್ದಾರೆ.