ಏರೋ ಹೆಲ್ಮೆಟ್ ಜೊತೆಗೆ ವೈಸರೋ, ಕನ್ನಡಕವೋ? ಮಲೆನಾಡಿನ ರಸ್ತೆಗೆ ಹೊಂದುವುದು ಯಾವುದು

ಸ್ಪ್ರಿಂಟ್ ಟ್ರಯಾಥ್ಲಾನ್ ಎಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಗಂಟೆಗೆ 30 ಕಿ.ಮೀ. ವೇಗದಲ್ಲಿ ತುಳಿದರೆ ಸೈಕಲ್ ಮೇಲೆ ಇರುವುದು 40 ನಿಮಿಷ. ಏರೋ ಹೆಲ್ಮೆಟ್ ಎಂದರೆ ಗಾಳಿಯ ತಡೆ ತಗ್ಗಿಸಲು ಹಿಂದೆ ಬಾಲದಂತೆ ಚಾಚಿದ ಹೆಲ್ಮೆಟ್, ವೈಸರ್ ಎಂದರೆ ಅದರ ಮುಂಭಾಗದಲ್ಲಿ ಕಣ್ಣಿಗೆ ಅಡ್ಡವಾಗಿ ಕೂರುವ ಗಾಜು. ಇಷ್ಟು ಸಣ್ಣ ಸ್ಪರ್ಧೆಗೆ ನಮ್ಮ ತೀರ್ಪು ನೇರ: ಒಣ ಹವೆಯಲ್ಲಿ ಹೆಲ್ಮೆಟ್‌ಗೇ ಅಂಟಿಕೊಂಡ ವೈಸರ್, ಮಳೆಗಾಲದಲ್ಲಿ ವೈಸರ್ ಇಲ್ಲದ ಗಿಡ್ಡ ಬಾಲದ ಹೆಲ್ಮೆಟ್ ಮತ್ತು ಮೇಲಂಚಿಗೆ ಫ್ರೇಮ್ ಇಲ್ಲದ ಕನ್ನಡಕ. ಎರಡನ್ನೂ ಕೊಳ್ಳಲು ಆಗದವರು ವೈಸರ್ ಕಳಚಿಡಬಹುದಾದ ಹೆಲ್ಮೆಟ್ ಹುಡುಕಲಿ.

ಮೊದಲು ಕನ್ನಡಕದ ತೊಂದರೆ. ಏರೋ ಹೆಲ್ಮೆಟ್ಟಿನ ಅಂಚು ಕಿವಿಯ ಮೇಲೆ ಬಿಗಿಯಾಗಿ ಇಳಿದಿರುತ್ತದೆ. ತುದಿ ಬಾಗಿದ ಕಡ್ಡಿಯಿರುವ ಕನ್ನಡಕವನ್ನು ಹೆಲ್ಮೆಟ್ ಹಾಕಿದ ಮೇಲೆ ತೂರಿಸಲು ಹೋದರೆ ಕಡ್ಡಿ ಅಂಚಿಗೆ ತಾಗಿ ನಿಲ್ಲುತ್ತದೆ. ಮೊದಲೇ ಹಾಕಿಕೊಂಡರೆ ಹೆಲ್ಮೆಟ್ ಕಡ್ಡಿಯನ್ನು ಕೆಳಕ್ಕೊತ್ತಿ ಗಾಜು ಓರೆಯಾಗುತ್ತದೆ. ಕೆಲವು ಕಿಲೋಮೀಟರ್ ಕಳೆಯುವಷ್ಟರಲ್ಲಿ ಕಣತಲೆ ನೋಯುತ್ತದೆ. ಇದಕ್ಕೆ ಹೊಂದುವುದು ನೇರವಾದ, ತೆಳ್ಳಗಿನ, ಗಿಡ್ಡ ಕಡ್ಡಿ. ಅದು ಕಿವಿಗೆ ಸಿಕ್ಕಿಕೊಳ್ಳದೆ ತಲೆಯ ಬದಿಯನ್ನು ಹಿಡಿದು ನಿಲ್ಲಬೇಕು.

ಇನ್ನೊಂದು ತೊಂದರೆ ಅಂಗಡಿಯಲ್ಲಿ ನೆಟ್ಟಗೆ ನಿಂತಾಗ ಗೊತ್ತೇ ಆಗುವುದಿಲ್ಲ. ಏರೋ ಬಾರ್ (ಹ್ಯಾಂಡಲಿನಿಂದ ಮುಂದಕ್ಕೆ ಚಾಚಿದ ಹಿಡಿ) ಮೇಲೆ ಮೊಣಕೈ ಊರಿ ತಲೆ ತಗ್ಗಿಸಿದಾಗ ರಸ್ತೆ ಕಾಣುವುದು ಗಾಜಿನ ಮೇಲ್ಭಾಗದಿಂದ. ಅಲ್ಲಿ ದಪ್ಪ ಫ್ರೇಮ್ ಇದ್ದರೆ ಗುಂಡಿ ಕಾಣಲು ಕತ್ತು ಎತ್ತಬೇಕು, ಕತ್ತು ಎತ್ತಿದರೆ ಹೆಲ್ಮೆಟ್ಟಿನ ಬಾಲ ಬೆನ್ನಿಗೆ ಬಡಿಯುತ್ತದೆ. ಕೊಳ್ಳುವ ಮುನ್ನ ಸ್ಟೂಲಿನ ಮೇಲೆ ಕೂತು, ಮೇಜಿನ ಮೇಲೆ ಮೊಣಕೈಯಿಟ್ಟು, ಎದುರು ಗೋಡೆ ನೋಡಿ. ಅಡ್ಡಗೆರೆ ಕಂಡರೆ ಆ ಕನ್ನಡಕ ಬೇಡ.

ವೈಸರ್ ಈ ಎರಡೂ ಗೋಳು ತಪ್ಪಿಸುತ್ತದೆ. ಗಿರೋ ಏರೋಹೆಡ್, ಕಾಸ್ಕ್ ಬಾಂಬಿನೋ ಮುಂತಾದ ಹೆಲ್ಮೆಟ್ಟುಗಳ ವೈಸರ್ ಆಯಸ್ಕಾಂತದಿಂದ ಕೂರುತ್ತದೆ. ಗಿರೋ ವ್ಯಾಂಕ್ವಿಷ್‌ನದನ್ನು ತಲೆಕೆಳಗು ಮಾಡಿ ಹೆಲ್ಮೆಟ್ಟಿನ ಮೇಲೆಯೇ ಅಂಟಿಸಿಡಬಹುದು, ನಮ್ಮ ಸೋನೆ ಮಳೆಗೆ ಇದು ದೊಡ್ಡ ಅನುಕೂಲ. ನೀರಿನಿಂದ ಎದ್ದು ಬಂದ ಕೂಡಲೇ ಒದ್ದೆ ಕೈಯಲ್ಲಿ ಮಾಡಬೇಕಾದ ಒಂದು ಕೆಲಸ ಕಡಿಮೆಯಾಗುವುದೇ ವೈಸರಿನ ನಿಜವಾದ ಲಾಭ. ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಟ್ರಯಾಥ್ಲಾನ್ ನಿಯಮದಂತೆ ರ‍್ಯಾಕಿನಿಂದ ಸೈಕಲ್ ತೆಗೆಯುವ ಮೊದಲೇ ಹೆಲ್ಮೆಟ್ಟಿನ ಬಕಲ್ ಹಾಕಿರಬೇಕು, ಸೈಕಲ್ ಮರಳಿ ರ‍್ಯಾಕಿಗೆ ಸೇರುವವರೆಗೂ ಬಿಚ್ಚುವಂತಿಲ್ಲ.

ಈಜಿಗೆ ಇಳಿಯುವ ಮುನ್ನವೇ ಹೆಲ್ಮೆಟ್ಟನ್ನು ಸೈಕಲ್ಲಿನ ಬಾರ್ ಮೇಲೆ ಮಗುಚಿ, ಮುಂಭಾಗ ನಿಮ್ಮ ಕಡೆಗೆ ಬರುವಂತೆ ಇಡಿ. ಪಟ್ಟಿಗಳು ಎರಡೂ ಬದಿಗೆ ಹೊರಗೆ ಬಿದ್ದಿರಲಿ. ಪಟ್ಟಿ ಹಿಡಿದು ಅಗಲಿಸಿ, ಎತ್ತಿ ಹೊರಳಿಸಿ, ಹಣೆಯಿಂದ ಹಿಂದಕ್ಕೆ ಇಳಿಸಿ. ಅವಸರದಲ್ಲಿ ವೈಸರನ್ನೇ ಹಿಡಿದೆಳೆದರೆ ಆಯಸ್ಕಾಂತ ಬಿಟ್ಟು ಕೈಗೆ ಬರುತ್ತದೆ. ಮನೆಯಲ್ಲಿ ತಲೆ ಒದ್ದೆ ಮಾಡಿಕೊಂಡು ಇಪ್ಪತ್ತು ಸಲವಾದರೂ ಅಭ್ಯಾಸ ಮಾಡಿ. ಒಣ ಕೂದಲಲ್ಲಿ ಸಲೀಸಾಗಿ ಇಳಿಯುವ ಹೆಲ್ಮೆಟ್ ಒದ್ದೆ ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮಲೆನಾಡಿನಲ್ಲಿ ವೈಸರಿನ ಶತ್ರು ಆವಿ. ಈಜಿ ಬಂದ ಮುಖ ಬಿಸಿ, ಕೂದಲು ಒದ್ದೆ, ಗಾಳಿಯಲ್ಲೂ ತೇವ, ಬೆಳಗಿನ ಚಳಿಗೆ ಗಾಜು ತಣ್ಣಗೆ. ಹೊರಟ ಮೊದಲ ನಿಮಿಷ, ಆಮೇಲೆ ನಿಧಾನವಾಗುವ ಏರುಗಳಲ್ಲಿ ಒಳಗೆ ಮಂಜು ಕಟ್ಟುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತುವ ಅಭ್ಯಾಸಕ್ಕೆ ವೈಸರ್ ಬೇಡವೇ ಬೇಡ. ಕೆನ್ನೆಗೂ ವೈಸರಿನ ಕೆಳ ಅಂಚಿಗೂ ನಡುವೆ ಸಂದು ಇರುವ, ಹಣೆಯ ಮೇಲೆ ಗಾಳಿಕಿಂಡಿ ಇರುವ ಹೆಲ್ಮೆಟ್ಟನ್ನೇ ಆರಿಸಿ. ಕಾರ್ಖಾನೆಯಲ್ಲಿ ಒಳಬದಿಗೆ ಬಳಿದ ಆವಿನಿರೋಧಕ ಲೇಪ ಬಲು ಸೂಕ್ಷ್ಮ: ಒದ್ದೆಯಿದ್ದಾಗ ಬಟ್ಟೆಯಿಂದ ಉಜ್ಜಬೇಡಿ, ನೀರು ಹಾಯಿಸಿ ನೆರಳಲ್ಲಿ ಆರಲು ಬಿಡಿ. ಲೇಪ ಸವೆದ ಹಳೆಯ ವೈಸರಿಗೆ ಮಕ್ಕಳ ಶಾಂಪೂ ಒಂದು ಹನಿ ಸವರಿ, ತುಸುವೇ ನೀರಿನಲ್ಲಿ ತೊಳೆದರೆ ಒಂದು ಸ್ಪರ್ಧೆಯ ಮಟ್ಟಿಗೆ ಸಾಕಾಗುತ್ತದೆ.

ಬಣ್ಣದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಹೆಲ್ಮೆಟ್ಟಿನ ಜೊತೆ ಬರುವ ಕಡುಗಪ್ಪು ವೈಸರ್ ಸಾಮಾನ್ಯವಾಗಿ 3ನೇ ವರ್ಗದ್ದು, ಅಂದರೆ ಬೆಳಕಿನ ಶೇ 8ರಿಂದ 18ರಷ್ಟನ್ನು ಮಾತ್ರ ಒಳಬಿಡುವಂಥದ್ದು. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು ದಾಟಿ ತೀರ್ಥಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಬಿಸಿಲಿನಿಂದ ಮರದ ನೆರಳಿಗೆ ನುಗ್ಗಿದ ಕ್ಷಣ ಅಂಥ ಗಾಜಿನ ಹಿಂದೆ ಟಾರಿನ ಮೇಲಿನ ಒದ್ದೆ ಎಲೆಯೂ ಗುಂಡಿಯೂ ಒಂದೇ ಬಣ್ಣ. ಬೆಳಗಿನ ಸ್ಪರ್ಧೆಗೆ ಶೇ 43ರಿಂದ 80ರಷ್ಟು ಬೆಳಕು ಬಿಡುವ 1ನೇ ವರ್ಗದ ತಿಳಿ ಗಾಜೇ ಸರಿ. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ನೆರಳಿಗೆ ಬಂದ ಮೇಲೆ ತಿಳಿಯಾಗಲು ಹೊತ್ತು ಹಿಡಿಯುತ್ತದೆ, ಈ ರಸ್ತೆ ಅಷ್ಟು ಹೊತ್ತು ಕೊಡುವುದಿಲ್ಲ.

ಜೋರು ಮಳೆಯಲ್ಲಿ ವೈಸರಿನ ಹೊರಮೈಯ ಹನಿ ಒರೆಸಿದಷ್ಟೂ ಹರಡುತ್ತದೆ. ಕನ್ನಡಕವಾದರೆ ಮೂಗಿನ ತುದಿಗೆ ಜಾರಿಸಿ ಮೇಲಿನಿಂದ ನೋಡಬಹುದು. ಕಳಚಿದ ವೈಸರನ್ನೋ ಕನ್ನಡಕವನ್ನೋ ರಸ್ತೆಗೆ ಎಸೆದರೆ ದಂಡ ಬೀಳುತ್ತದೆ, ಜೆರ್ಸಿಯೊಳಗೆ ತುರುಕಿ.

ಓಟಕ್ಕೆ ಕನ್ನಡಕ ಬೇಕೆನ್ನುವವರು ಇನ್ನೊಂದನ್ನು ಶೂ ಪಕ್ಕದ ಟೋಪಿಯೊಳಗೆ ಇಟ್ಟಿರಲಿ. 5 ಕಿ.ಮೀ.ಗೆ ಟೋಪಿಯ ಅಂಚೇ ಸಾಕು.

ಪವರ್ ಗ್ಲಾಸ್ ಹಾಕುವವರು ವೈಸರ್ ಕೊಳ್ಳುವಾಗ ತಮ್ಮ ಕನ್ನಡಕ ಹಾಕಿಕೊಂಡೇ ನೋಡಬೇಕು. ರೆಪ್ಪೆ ಬಡಿದಾಗ, ತಲೆ ಅಲುಗಿಸಿದಾಗ ಗಾಜಿಗೆ ಗಾಜು ತಾಗಬಾರದು. ಎರಡು ಪದರವಾದಾಗ ಆವಿಯೂ ಹೆಚ್ಚು. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಹೊಳೆ, ಕೆರೆಯ ನೀರಿಗೆ ಇಳಿದರೆ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯಿಂದ ಕಣ್ಣಿಗೆ ತೀವ್ರ ಸೋಂಕು ತಗಲುವ ಅಪಾಯವಿದೆ. ಅಂಥವರಿಗೆ ಪವರ್ ಇರುವ ಈಜು ಗಾಗಲ್ಸ್, ಸೈಕಲ್ಲಿಗೆ ಪವರ್ ಹಾಕಿಸಿದ ಕ್ರೀಡಾ ಕನ್ನಡಕ, ವೈಸರ್ ಇಲ್ಲದ ಹೆಲ್ಮೆಟ್ ಇವೇ ತಕ್ಕವು. ಆ ಕನ್ನಡಕವನ್ನು ಕಡ್ಡಿ ಅಗಲಿಸಿ, ಮಗುಚಿಟ್ಟ ಹೆಲ್ಮೆಟ್ಟಿನೊಳಗೇ ಇಡಿ. ಆಗ ಅದನ್ನು ಎತ್ತಿಕೊಳ್ಳದೆ ಹೆಲ್ಮೆಟ್ ಹಾಕಲು ಆಗುವುದೇ ಇಲ್ಲ.