ಬ್ಯಾಟರಿಗೆ ಪೂರ್ತಿ ಅಂಕ, ಕಂಟ್ರೋಲರ್‌ಗೆ ಸೊನ್ನೆ

ಎಫ್‌ಟಿ-818 ತರಹದ ಪುಟ್ಟ ರೇಡಿಯೋ ಸೆಟ್ ಹೊತ್ತುಕೊಂಡು ಬೆಟ್ಟಕ್ಕೆ ಹೋಗುವ ಹವ್ಯಾಸಿ ರೇಡಿಯೋದವರಿಗೆ, ಅಂದರೆ ಹ್ಯಾಮ್‌ಗಳಿಗೆ, ದೊಡ್ಡ ತಲೆನೋವು ಕರೆಂಟಿನದು. ಸೆಟ್ಟಿನ ಒಳಗಿರುವ ಬ್ಯಾಟರಿ ನಾಲ್ಕು ಜನರ ಜೊತೆ ಮಾತಾಡುವಷ್ಟರಲ್ಲಿ ಸುಸ್ತಾಗುತ್ತದೆ. ಅದಕ್ಕೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 12.8 ವೋಲ್ಟ್, 6 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 20 ವ್ಯಾಟಿನ ಸೋಲಾರ್ ಪ್ಯಾನಲ್, ಜೊತೆಗೆ ಪ್ಯಾನಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡೋಕೆ ಒಂದು ಅಗ್ಗದ ಪಿಡಬ್ಲ್ಯೂಎಂ (ಕಡಿದು ಕಡಿದು ಬಿಡುವ) ಚಾರ್ಜ್ ಕಂಟ್ರೋಲರ್ ತಗೊಂಡೆ. ಮಳೆಗಾಲ ಕಳೆದ ಮೇಲೆ ತೀರ್ಥಹಳ್ಳಿ ಹತ್ತಿರದ ಕುಂದಾದ್ರಿಯಲ್ಲಿ ಬಳಸುತ್ತಿದ್ದೇನೆ. ಮೇಲಿನ ತನಕ ರಸ್ತೆ ಇದೆ, ಸಾಮಾನು ಸಾಗಿಸೋದು ಸುಲಭ.

ಬ್ಯಾಟರಿ ಕಣ್ಣು ಮುಚ್ಚಿ ತಗೊಳ್ಳಿ. ಯುಪಿಎಸ್‌ನಲ್ಲಿ ಬರುವ 7 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ ಎರಡು ಕೆಜಿ ದಾಟುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಅದರ ಆಯಸ್ಸೂ ಕಡಿಮೆ. ನನ್ನದು ಒಂದು ಕೆಜಿಯೂ ಇಲ್ಲ, ಮುಗಿಯುವ ಹೊತ್ತಿನ ತನಕ 13 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಸೆಟ್ ಸುಮ್ನೆ ಕೇಳಿಸಿಕೊಳ್ಳುವಾಗ 0.4 ಆಂಪಿಯರ್, ಮಾತಾಡುವಾಗ ಎರಡೂವರೆ ಆಂಪಿಯರ್ ತಿನ್ನುತ್ತದೆ. ಐದರಲ್ಲಿ ಒಂದು ಪಾಲು ಹೊತ್ತು ನಾವು ಮಾತಾಡುತ್ತೇವೆ ಅಂದುಕೊಂಡರೆ ಸರಾಸರಿ 0.8. ಹಾಗಾದರೆ ಆರೇಳು ಗಂಟೆಗೆ ಮೋಸವಿಲ್ಲ.

ಕೊಳ್ಳುವಾಗ ಒಂದು ಎಚ್ಚರ. ಬರೀ ‘12 ವೋಲ್ಟ್ ಲಿಥಿಯಂ’ ಅಂದರೆ ಮೂರು ಸೆಲ್‌ನ ಲಿಥಿಯಂ ಅಯಾನ್ ಪ್ಯಾಕ್ ಕೈಗೆ ಬರಬಹುದು. “ಎರಡೂ ಲಿಥಿಯಮ್ಮೇ ಅಲ್ವಾ ಸಾರ್?” ಅಂತಾರೆ ಅಂಗಡಿಯವರು. ಹೌದು, ಆದರೆ ಎರಡೂ ಒಂದೇ ಅಲ್ಲ. ಲಿಥಿಯಂ ಅಯಾನ್ ಪ್ಯಾಕ್ ತುಂಬಿದಾಗ 12.6 ವೋಲ್ಟ್, ಆಮೇಲೆ 11ರ ಕಡೆಗೆ ಜಾರುತ್ತದೆ. 818 ಅದರಲ್ಲೂ ಓಡುತ್ತದೆ, 100 ವ್ಯಾಟಿನ ದೊಡ್ಡ ಸೆಟ್‌ಗಳು ತಕರಾರು ಮಾಡುತ್ತವೆ. ಕೈಗೆ ಬಂದದ್ದು ಐರನ್ ಫಾಸ್ಫೇಟೇ ಹೌದಾ ಅಂತ ತಿಳಿಯೋಕೆ ಚಾರ್ಜರ್ ಮೇಲೆ 14.6 ವೋಲ್ಟ್ ಅಂತ ಬರೆದಿದೆಯಾ ನೋಡಿ.

ಪ್ಯಾನಲ್ ಪರವಾಗಿಲ್ಲ. 20 ವ್ಯಾಟ್ ಅಂದರೂ ಪಿಡಬ್ಲ್ಯೂಎಂ ಮೂಲಕ ಸಿಗೋದು 14 ವ್ಯಾಟ್ ಅಷ್ಟೆ, ಯಾಕಂದ್ರೆ ಪ್ಯಾನಲ್ಲಿನ 17-18 ವೋಲ್ಟನ್ನು ಅದು ಬ್ಯಾಟರಿಯ 13ಕ್ಕೆ ಎಳೆದುಬಿಡುತ್ತದೆ. ಒಳ್ಳೆ ಬಿಸಿಲಲ್ಲಿ 0.9 ಆಂಪಿಯರ್ ನೋಡಿದ್ದೇನೆ. ಮಲೆನಾಡಿನ ತೆಳು ಮೋಡ ಬಂದರೆ 0.2. ಇನ್ನೊಂದು ತಮಾಷೆ: ಆಂಟೆನಾ ಕಟ್ಟಿದ ಗಳದ ಸಣ್ಣ ನೆರಳು ಪ್ಯಾನಲ್ ಮೇಲೆ ಅಡ್ಡ ಬಿದ್ದರೆ ಮೀಟರ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಸೆಲ್‌ಗಳೆಲ್ಲ ಸಾಲಾಗಿ ಒಂದಕ್ಕೊಂದು ಪೋಣಿಸಿರುತ್ತವಲ್ಲ, ಒಂದಕ್ಕೆ ನೆರಳಾದರೆ ಮಿಕ್ಕವೂ ಕಟ್ಟಿಹಾಕಿದ ಹಾಗೆ. ಸೂರ್ಯ ಸರಿದಂತೆ ಎದ್ದು ಪ್ಯಾನಲ್ ಸರಿಸುತ್ತಿರಬೇಕು.

ಇನ್ನು ಕಂಟ್ರೋಲರ್. ಬ್ಯಾಟರಿ ಖಾಲಿ ಇರುವ ತನಕ ಸಾಧುವಾಗಿರುತ್ತದೆ. ತುಂಬುತ್ತಾ ಬಂದ ಹಾಗೆ ಕರೆಂಟನ್ನು ಪಟಪಟ ಅಂತ ಕಡಿದು ಕಡಿದು ಬಿಡೋಕೆ ಶುರು ಮಾಡುತ್ತದೆ, ಆಗ ನಾವು ಮಾತಾಡುವ 40 ಮೀಟರ್ ತರಂಗದ ಬ್ಯಾಂಡ್ ತುಂಬಾ ಗುಂಯ್ಯೋ ಅಂತ ಸದ್ದು. ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್ ಮೀಟರ್ 7ಕ್ಕೆ ಏರಿ ಅಲ್ಲೇ ಕೂರುತ್ತದೆ. ಹೈದರಾಬಾದಿನವರು ಎಸ್ 5ರಲ್ಲಿ ಕರೆಯುತ್ತಿದ್ದರೆ ಕೇಳಿಸೋದೇ ಇಲ್ಲ. ಪ್ಯಾನಲ್ ವೈರ್ ಕಿತ್ತ ಕ್ಷಣ 2ಕ್ಕೆ ಬೀಳುತ್ತದೆ. ಕಂಟ್ರೋಲರ್‌ನ ಎರಡೂ ಕಡೆಯ ವೈರನ್ನು, ಸದ್ದು ತಡೆಯುವ ಫೆರೈಟ್ ರಿಂಗಿಗೆ ಏಳೆಂಟು ಸುತ್ತು ಸುತ್ತಿದೆ, ಸ್ವಲ್ಪ ತಗ್ಗಿತು, ಹೋಗಲಿಲ್ಲ. ವಾಪಸ್ ಕೊಡೋಕೆ ಹೋದರೆ ಅಂಗಡಿಯವರು, “ಲೈಟ್ ಬರ್ತಿದೆ, ಚಾರ್ಜ್ ಆಗ್ತಿದೆ, ಇನ್ನೇನು ಸಾರ್?” ಅಂದರು. ಅವರ ಮಟ್ಟಿಗೆ ಅದೂ ಸರಿಯೇ. ಮನೆ ದೀಪಕ್ಕೆ ಈ ಸದ್ದು ಕೇಳಿಸಲ್ಲ.

ಜಾಸ್ತಿ ದುಡ್ಡು ಕೊಟ್ಟು ಪ್ಯಾನಲ್ಲಿನಿಂದ ಜಾಸ್ತಿ ಕರೆಂಟ್ ಹಿಂಡುವ ಎಂಪಿಪಿಟಿ ಕಂಟ್ರೋಲರ್ ತಗೊಂಡರೆ ಸದ್ದು ಇರಲ್ಲ ಅಂತ ನಂಬಬೇಡಿ, ಅದರೊಳಗೂ ಸ್ವಿಚಿಂಗ್ ಸರ್ಕ್ಯೂಟೇ ಇರೋದು. ಒಂದು ಪಾಕೆಟ್ ರೇಡಿಯೋ ಒಯ್ಯಿರಿ. ಅಂಗಡಿ ಮುಂದೆ ಬಿಸಿಲಲ್ಲಿ ತುಂಬಿದ ಬ್ಯಾಟರಿ, ಪ್ಯಾನಲ್ ಜೋಡಿಸಿ, ಮೀಡಿಯಂ ವೇವ್ ಹಾಕಿ ಪಕ್ಕದಲ್ಲಿಟ್ಟು ಕೇಳಿ. ಅಲ್ಲೇ ಗೊತ್ತಾಗುತ್ತದೆ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಕಂಟ್ರೋಲರ್‌ನಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಸೆಟ್ಟಿಂಗ್ ಇಲ್ಲದಿದ್ದರೆ ಮುಟ್ಟಲೇಬೇಡಿ.

ಸದ್ಯಕ್ಕೆ ನಾನು ಊಟದ ಹೊತ್ತಲ್ಲಿ ಚಾರ್ಜಿಗೆ ಹಾಕುತ್ತೇನೆ, ಮಾತಾಡುವಾಗ ವೈರ್ ಕೀಳುತ್ತೇನೆ. ಬೆಳಿಗ್ಗೆ ಹೋಗಿ ಸಂಜೆ ಇಳಿಯುವವರು ಪ್ಯಾನಲ್ಲಿಗೆ ದುಡ್ಡು ಹಾಕೋದೇ ಬೇಡ, ಬ್ಯಾಟರಿ ಸಾಕು. ಎರಡು ದಿನ ಕ್ಯಾಂಪ್ ಮಾಡುವವರಿಗೆ, ನೆರೆ ಬಂದಾಗ ಸಂಪರ್ಕಕ್ಕೆ ಕೂರುವವರಿಗೆ ಪ್ಯಾನಲ್ ಬೇಕೇ ಬೇಕು. ಅವರು 40 ವ್ಯಾಟಿನದನ್ನೇ ತಗೊಳ್ಳಲಿ.